ಅತ್ತೆಯ ಇನ್ನೂರ ಹತ್ತು ಮೆಟ್ಟಿಲು

ನಾನು ಮದುವೆಯಾಗಿ ಈ ಊರಿಗೆ ಬಂದ ದಿನ ನನ್ನ ಗಂಡ ನನಗಿಂತ ಮುಕ್ಕಾಲು ಗಂಟೆ ಮೊದಲೇ ಮನೆ ಸೇರಿದರು. ಇಬ್ಬರೂ ಕೆಳಗಿನ ಪೇಟೆಯಿಂದ ಒಟ್ಟಿಗೇ ಮೆಟ್ಟಿಲು ಹತ್ತಲು ಶುರು ಮಾಡಿದ್ದೆವು. ಮದುಮಗನಿಗೆ ಗಾಬರಿಯಲ್ಲಿ ಊಟವೇ ಸೇರಿರಲಿಲ್ಲ. ಅವರಿಗೆ ಹತ್ತೊಂಬತ್ತನೆಯ ಮೆಟ್ಟಿಲಿಗೇ ಮೇಲಿನ ಕೇರಿ ಬಂದುಬಿಟ್ಟಿತು. ನಾನು ಆಗ ಗಾಬರಿಯಾದರೆ ತಿನ್ನುವವಳು. ಮೂರು ಹೋಳಿಗೆ, ಅದರ ಮೇಲೆ ಹಾಲು, ಚಿಕ್ಕಮ್ಮ ಒತ್ತಾಯ ಮಾಡಿ ಹಾಕಿಸಿದ ಎರಡು ಚಿರೋಟಿ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಐನೂರ ನಲವತ್ತು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಆರತಿ ತಟ್ಟೆಯ ಕರ್ಪೂರ ಎರಡು ಸಲ ಆರಿತ್ತು. ತಟ್ಟೆ ಹಿಡಿದ ಹೆಂಗಸರು ಸರದಿಯ ಮೇಲೆ ಒಳಗೆ ಹೋಗಿ ಕಾಫಿ ಕುಡಿದು ಬಂದಿದ್ದರು. ಅತ್ತೆ ಪುಟ್ಟತಾಯಮ್ಮ ನನ್ನ ಬೆವರಿದ ಮುಖ ನೋಡಿ ಎಲ್ಲರಿಗೂ ಕೇಳುವ ಹಾಗೆ, “ನಮ್ಮ ಸೊಸೆ ಉಂಡು ಬಂದವಳೆ ಕಣ್ರವ್ವ. ಹಸ್ಕೊಂಡು ಬರೋ ಮನೆ ಹೆಣ್ಣಲ್ಲ” ಎಂದರು. ಆವತ್ತಿನಿಂದ ನಾನು ಅವರ ಪಕ್ಷ.

ಇಬ್ಬರು ಕೈ ಹಿಡಿದು ಹತ್ತಿದರೆ ಇಬ್ಬರ ಮೆಟ್ಟಿಲೂ ಕೂಡಿ ಸಮ ಪಾಲಾಗುತ್ತದೆ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ನನ್ನ ಗಂಡನಿಗೆ ಮೊದಲೇ ಗೊತ್ತಿತ್ತು. ಜನರೆದುರು ಕೈ ಹಿಡಿಯಲು ನಾಚಿಕೆಯಾಯಿತು ಅಂದರು. ತಾಳಿ ಕಟ್ಟಿ ಎರಡು ಗಂಟೆಯಾಗಿತ್ತು!

ಇಲ್ಲಿ ಕೆಲಸ, ಅಂಗಡಿ, ಶಾಲೆ ಎಲ್ಲ ಕೆಳಗೆ, ಮನೆಗಳೆಲ್ಲ ಮೇಲೆ. ಇಳಿಯಲು ಎಲ್ಲರಿಗೂ ಇಪ್ಪತ್ತೇಳೇ ಮೆಟ್ಟಿಲು. ಹತ್ತುವಾಗ ಮಾತ್ರ ಅವರವರು ತಿಂದು ಇನ್ನೂ ಕರಗಿಸದೆ ಉಳಿಸಿಕೊಂಡಷ್ಟು. ಪಕ್ಕದಲ್ಲಿ ಮಾತಾಡುತ್ತ ಹತ್ತುತ್ತಿದ್ದವರು ಮಾತಿನ ಮಧ್ಯೆಯೇ ಮನೆ ತಲುಪಿಬಿಡುತ್ತಾರೆ, ಕೇಳುತ್ತಿದ್ದವರು ಅರ್ಧ ಸುದ್ದಿ ಇಟ್ಟುಕೊಂಡು ಇನ್ನೂ ನೂರು ಮೆಟ್ಟಿಲು ಏರಬೇಕು. ನನ್ನ ಗಂಡ ಮರದ ಡಿಪೋದಲ್ಲಿ ದಿಮ್ಮಿ ಹೊರಿಸುವ ಮೇಸ್ತ್ರಿ. ಬೆಳಗ್ಗೆ ಎರಡು ಮುದ್ದೆ, ಮಧ್ಯಾಹ್ನ ಮೂರು ಮುದ್ದೆ ಉಂಡರೂ ಸಂಜೆ ಮೂವತ್ತು ಮೆಟ್ಟಿಲು ದಾಟಿದ್ದಿಲ್ಲ. ಶಾಲೆಯ ಕಚೇರಿಯಲ್ಲಿ ಕುರ್ಚಿ ಬಿಟ್ಟು ಏಳದ ನನಗೆ ನಾಲ್ಕು ಇಡ್ಲಿಗೆ ಎಂಬತ್ತು. ಮೆಟ್ಟಿಲುಗಳಲ್ಲೂ ಬಗೆಗಳಿವೆ. ರಾಗಿಯವು ಅಗಲ, ತಗ್ಗು. ಬೇಳೆ ಸೊಪ್ಪು ಉಂಡವರಿಗೆ ನಡುನಡುವೆ ಕೂರಲು ಕಲ್ಲಿನ ಜಗಲಿ ಸಿಗುತ್ತದೆ. ಸಕ್ಕರೆಯವು ಎತ್ತರ, ಇಕ್ಕಟ್ಟು. ಮಂಡಿ ಎದೆಗೆ ತಾಗುತ್ತದೆ. ಹಾಗಾಗಿ ಇಲ್ಲಿ ಯಾರೂ ಯಾರನ್ನೂ ಊಟವಾಯಿತೇ ಎಂದು ಕೇಳುವುದಿಲ್ಲ. ಎಷ್ಟಾಯ್ತು ಎಂದು ಕೇಳುತ್ತಾರೆ. ಎಲ್ಲರೂ ಹತ್ತಿಪ್ಪತ್ತು ಕಡಿಮೆಯೇ ಹೇಳುತ್ತಾರೆ.

ನನಗೆ ಈ ಮೆಟ್ಟಿಲುಗಳ ಮೇಲೆ ಬಂದ ಪ್ರೀತಿಗೆ ಒಂದು ಕಾರಣವಿದೆ. ನಾನು ಮದುವೆಯಾದ ಮೂರನೆಯ ವರ್ಷ ನನ್ನ ತವರಿನಲ್ಲಿ ಅಮ್ಮ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಳು. ಮೊದಲು ಒಂದು ಬೆರಳು ಹೋಯಿತು, ಆಮೇಲೆ ಪಾದ. ತವರಿನಲ್ಲಿ ಎಲ್ಲರ ಮನೆಗೂ ಒಂದೇ ಥರ ಮೂರು ಮೆಟ್ಟಿಲು. ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣಲಿಲ್ಲ. ಅವತ್ತಿನಿಂದ ನಾನು ಸಿಹಿ ಬಿಟ್ಟೆ, ಬೇರೆಯವರ ತಟ್ಟೆ ನೋಡುವ ಅಭ್ಯಾಸ ಹಿಡಿಯಿತು. ಇಲ್ಲಿ ಕಾಣುತ್ತದಲ್ಲ, ಕಂಡರೆ ತಡೆಯಬಹುದಲ್ಲ ಎನ್ನುವುದು ನನ್ನ ಧೈರ್ಯವಾಗಿತ್ತು.

ಹೋದ ವರ್ಷ ಅತ್ತೆಗೂ ಅದೇ ಕಾಯಿಲೆ ಎಂದು ಡಾಕ್ಟರ್ ರಹಮತುಲ್ಲಾ ಹೇಳಿದಾಗ ನಾನು ಅಳಲಿಲ್ಲ. ಒಂದು ನೋಟ್‌ಬುಕ್ ಕೊಂಡುಕೊಂಡೆ. “ಗುಳಿಗೆ ಶುರು ಮಾಡೋಣ. ಮೂರು ತಿಂಗಳಲ್ಲಿ ಇಳೀಲಿಲ್ಲ ಅಂದ್ರೆ ದಿನಾ ಸೂಜಿ” ಎಂದಿದ್ದರು ಡಾಕ್ಟರು. ಅತ್ತೆಗೆ ಸೂಜಿ ಕಂಡರೆ ಪ್ರಾಣ ಹೋಗುತ್ತದೆ. ಬಟ್ಟೆ ಹೊಲಿಯುವ ಸೂಜಿಯನ್ನೂ ನನ್ನ ಕೈಯಿಂದಲೇ ತೆಗೆಸುತ್ತಾರೆ. “ಏನ್ ಬೇಕಾದ್ರೂ ಬಿಡಿಸು ವಿಶಾಲು, ಸೂಜಿ ಮಾತ್ರ ಬೇಡ ಕಣವ್ವ” ಎಂದು ನನ್ನ ಕೈ ಹಿಡಿದರು. ನಾನು ಬಿಡಿಸಿದೆ. ಮೊದಲ ವಾರ ಕಾಫಿಯ ಸಕ್ಕರೆ ಹೋಯಿತು. ಮೊದಲೆಲ್ಲ ಸಂಜೆ ತರಕಾರಿ ಕೊಂಡು ಬರುವಾಗ ಅವರಿಗೆ ಇನ್ನೂರ ಹತ್ತು ಮೆಟ್ಟಿಲು ಬರುತ್ತಿತ್ತು. ಕಾಫಿ, ಬಾಳೆಹಣ್ಣು, ಸಂಜೆಯ ಅವಲಕ್ಕಿ ಕಳೆದರೆ ನೂರ ಮೂವತ್ತಕ್ಕೆ ಇಳಿಯಬೇಕು ಎಂದು ನನ್ನ ಲೆಕ್ಕ.

ಇಳಿಯಲಿಲ್ಲ. “ಎಷ್ಟಾಯ್ತು ಅತ್ತೆ?” ಎಂದರೆ, “ಇನ್ನೂರ ಐದು.” ಮುದ್ದೆ ಅರ್ಧ ಮಾಡಿದೆ. ಇನ್ನೂರ ಹದಿನೈದು. ಅನ್ನವನ್ನು ಒಂದು ಹಿಡಿಗೆ ಇಳಿಸಿದೆ. ಇನ್ನೂರ ಹತ್ತು. ಅತ್ತೆ ಸುಳ್ಳು ಹೇಳುವವರಲ್ಲ. ನಾನು ಮನೆಯ ಜಗಲಿಯ ಮೇಲೆ ಕೂತು ಅವರಿಗೆ ಹಿಡಿದ ಹೊತ್ತನ್ನೂ ನೋಡುತ್ತಿದ್ದೆ, ಸರಿಹೊಂದುತ್ತಿತ್ತು. ಹಾಗಾದರೆ ತಿನ್ನುತ್ತಿರುವುದು ಎಲ್ಲಿ? ಅಷ್ಟರಲ್ಲಿ ಅವರ ರವಿಕೆಗಳೆಲ್ಲ ಸಡಿಲವಾದವು, ಕತ್ತಿನ ಮೂಳೆ ಕಾಣತೊಡಗಿತು. ನನ್ನ ಅಮ್ಮನೂ ಹೀಗೇ ಸೊರಗಿದ್ದಳು. ಕಾಯಿಲೆ ಮೇಲೇರುತ್ತಿದೆ, ಇವರು ಕದ್ದು ತಿನ್ನುತ್ತಿದ್ದಾರೆ, ಇನ್ನು ಸೂಜಿ ತಪ್ಪಿದ್ದಲ್ಲ ಎಂದುಕೊಂಡೆ. ನನ್ನ ಗಂಡನಿಗೆ ಹೇಳಿದರೆ, “ಅವ್ವನ ಬಾಯಿಗೆ ಬೀಗ ಹಾಕೋಕಾಯ್ತದಾ? ನೀನೇ ಬೀಗದ ಕೈ ಕಳ್ಕೊಂಡು ಒದ್ದಾಡ್ತೀಯ” ಎಂದು ನಕ್ಕರು. ನಗು ಬರಲಿಲ್ಲ ನನಗೆ.

ಮೂರು ತಿಂಗಳಿಗೆ ಇನ್ನೆರಡೇ ದಿನ ಇರುವಾಗ ನಾನು ಮಧ್ಯಾಹ್ನದ ಮೇಲೆ ರಜೆ ಹಾಕಿ ತರಕಾರಿ ಪೇಟೆಗೆ ಹೋದೆ. ಕುಂಬಳಕಾಯಿ ರಾಶಿಯ ಹಿಂದೆ ಕೂತೆ. ಹೀಗೆ ಬಚ್ಚಿಟ್ಟುಕೊಂಡು ಅತ್ತೆಯನ್ನು ಕಾಯುವ ಕಾಲ ಬರುತ್ತದೆಂದು ಬಿ.ಎ. ಓದುವಾಗ ಯಾರೂ ಹೇಳಿರಲಿಲ್ಲ. ಅತ್ತೆ ಬಂದರು, ದಂಟಿನ ಸೊಪ್ಪು ಕೊಂಡರು, ಸೊಪ್ಪಿನವಳನ್ನು ಒಂದೆರಡು ಮಾತು ಬೈದರು. ಆಮೇಲೆ ಸೀದಾ ಮಿಠಾಯಿ ಅಂಗಡಿಯ ಹಿಂಬಾಗಿಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಆ ಬಾಗಿಲಿನಿಂದ ಅತ್ತೆಯ ಜೊತೆ ಕೆಂಪಮ್ಮ ಹೊರಬಂದರು. ಅಂಗಡಿಯಲ್ಲಿ ಪಾಕ ನೋಡುವವರು ಅವರೇ. ಒಂದೆಳೆ ಬಂತು, ಎರಡೆಳೆ ಬಂತು ಎಂದು ಅವರು ಹೇಳುವ ತನಕ ಬಾಣಲೆ ಇಳಿಯುವುದಿಲ್ಲ. ದಪ್ಪನೆಯ ದೇಹ, ಊದಿದ ಮಂಡಿ, ಮಾತು ಕಡಿಮೆ. ಇಬ್ಬರೂ ಮೆಟ್ಟಿಲಿನ ಕಡೆ ಹೊರಟರು, ನಾನೂ ಹಿಂದೆ ಹೊರಟೆ. ಆದರೆ ಈ ಮೆಟ್ಟಿಲಿನಲ್ಲಿ ಒಬ್ಬರನ್ನು ಹಿಂಬಾಲಿಸುವುದು ಸುಲಭವಲ್ಲ. ಚಿಂತೆಯಲ್ಲಿ ನಾನು ಮಧ್ಯಾಹ್ನ ಏನೂ ತಿಂದಿರಲಿಲ್ಲ. ನಲವತ್ತೆರಡಕ್ಕೇ ನಮ್ಮ ಕೇರಿ ಬಂದುಬಿಟ್ಟಿತು. ಅವರಿಬ್ಬರು ಎಲ್ಲೋ ಕೆಳಗೆ ಉಳಿದರು, ನಾನು ನಮ್ಮ ಮನೆಯ ಎದುರು ಪೆದ್ದಿಯ ಹಾಗೆ ನಿಂತೆ.

ಆ ರಾತ್ರಿಯ ಊಟಕ್ಕೆ ಅತ್ತೆಗೆ ಅನ್ನವನ್ನೇ ಬಡಿಸಲಿಲ್ಲ. ಬೆಳಗ್ಗೆ ಅರ್ಧ ಮುದ್ದೆಯನ್ನು ಕಾಲು ಮಾಡಿದೆ. ಅತ್ತೆ ತಟ್ಟೆ ನೋಡಿದರು, ನನ್ನನ್ನು ನೋಡಿದರು, “ಆಗಲಿ ಕಣವ್ವ, ನೀನು ಓದಿದೋಳು” ಎಂದು ಗುಳಿಗೆ ನುಂಗಿ ನೀರು ಕುಡಿದರು.

ಮರುದಿನ ಸಂಜೆ ಸಿದ್ಧವಾಗಿ ಹೋದೆ. ಅವರ ಜೊತೆ ಮೆಟ್ಟಿಲ ಮೇಲೆ ಉಳಿಯಬೇಕಾದರೆ ನನಗೂ ಅಷ್ಟೇ ಮೆಟ್ಟಿಲು ಬೇಕು. ಬೇರೆ ದಾರಿ ಇರಲಿಲ್ಲ. ಅವರು ಹಿಂಬಾಗಿಲಿಗೆ ಹೋದ ಕೂಡಲೇ ನಾನು ಮುಂಬಾಗಿಲಿಗೆ ಹೋಗಿ ಆರು ಜಿಲೇಬಿ ಕಟ್ಟಿಸಿದೆ. ಎಂಟು ವರ್ಷದ ಮೇಲೆ ಸಿಹಿ! ಮೊದಲನೆಯದನ್ನು ಔಷಧಿಯ ಹಾಗೆ ನುಂಗಿದೆ. ಎರಡನೆಯದು ಚೆನ್ನಾಗಿತ್ತು. ಮೂರನೆಯದಕ್ಕೆ ಬಂದ ಕೆಲಸವೇ ಮರೆತು ಕಣ್ಣು ಮುಚ್ಚಿದೆ. ನಾಲ್ಕನೆಯದು ಬಾಯಲ್ಲಿರುವಾಗಲೇ ಅವರಿಬ್ಬರು ಮೆಟ್ಟಿಲಿನ ಬುಡ ಸೇರಿದ್ದು ಕಂಡಿತು. ಉಳಿದೆರಡನ್ನು ಎಲೆಯಲ್ಲೇ ಸುತ್ತಿಕೊಂಡು ಓಡಿದೆ.

ಕೆಂಪಮ್ಮ ಸುತ್ತ ನೋಡಿದರು. ಅತ್ತೆ ಸೊಪ್ಪಿನ ಚೀಲವನ್ನು ಇಬ್ಬರ ನಡುವೆ ಇಳಿಬಿಟ್ಟರು. ಚೀಲದ ಮರೆಯಲ್ಲಿ ಇಬ್ಬರ ಕೈ ಸೇರಿತು.

ಈ ಊರಿನಲ್ಲಿ ಗಂಡ ಹೆಂಡತಿ ಕೈ ಹಿಡಿದು ಹತ್ತುತ್ತಾರೆ, ತಾಯಿ ಮಗು ಹತ್ತುತ್ತಾರೆ. ಹೊರಗಿನವರ ಕೈ ಕೇಳಿದರೆ ಅದು ಮೆಟ್ಟಿಲು ಬೇಡುವುದು. ಅನ್ನ ಬೇಡುವುದಕ್ಕಿಂತ ಕೀಳು. ನಾನು ಹತ್ತು ಮೆಟ್ಟಿಲು ಹಿಂದೆ, ಸಕ್ಕರೆಯ ಎತ್ತರದ ಮೆಟ್ಟಿಲುಗಳನ್ನು ಕೈಯೂರಿ ಏರುತ್ತ ಅವರ ಮಾತು ಕೇಳಿಸಿಕೊಂಡೆ.

“ಪುಟ್ಟತಾಯಿ, ಇವತ್ತು ಬೇಡ ಕಣೆ. ನಂದು ಮುನ್ನೂರ ಐವತ್ತರ ಮೇಲದೆ. ಬಿಡು, ನಾನೇ ನಿಧಾನಕ್ಕೆ ಬತ್ತೀನಿ” ಎಂದರು ಕೆಂಪಮ್ಮ, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತ.

“ಬಾಯ್ಮುಚ್ಚು. ಹೋದ ಸಂಕ್ರಾಂತೀಲಿ ಒಬ್ಳೇ ಹತ್ತಿ ಎದೆ ಹಿಡ್ಕೊಂಡು ಕೂತಿದ್ದೆಯಲ್ಲ, ಅದು ಸಾಲದಾ? ನಂದು ಈಗ ಅರವತ್ತು ಎಪ್ಪತ್ತು ಅಷ್ಟೆ. ಸೊಸೆ ಹೂವಿನಂಗೆ ಇಟ್ಟವ್ಳೆ ನನ್ನ. ಹೂವಿಗೆ ನೀರೊಂದೇ ಹಾಕ್ತಾಳೆ.”

“ಅವಳಿಗೆ ಹೇಳ್ಬಾರದೇನೆ?”

“ನೀನೇ ಅಲ್ವಾ ಆಣೆ ಹಾಕಿಸ್ಕೊಂಡೋಳು? ಹೇಳಿದ್ರೆ ಅವಳು ನಂಜುಂಡನಿಗೆ ಹೇಳ್ತಾಳೆ, ಅವನು ಡಿಪೋಗೆಲ್ಲ ಹೇಳ್ತಾನೆ. ಪಾಪ ಕಣೆ ಆ ಹುಡುಗಿ. ತಾಯಿನ ಉಳಿಸ್ಕೊಳ್ಳಲಿಲ್ಲ ಅಂತ ನನ್ನ ಉಳಿಸ್ಕೊಳ್ಳೋಕೆ ನೋಡ್ತಾವ್ಳೆ. ಬೈಯೋಕೂ ಬಾಯಿ ಬರಲ್ಲ.”

ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಎಪ್ಪತ್ತು ಮತ್ತು ಮುನ್ನೂರ ಐವತ್ತು, ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಇನ್ನೂರ ಹತ್ತು. ಅಷ್ಟೇ ಲೆಕ್ಕ. ಅತ್ತೆಯದು ಇಳಿದಷ್ಟೂ ಮದುವೆಯ ಕಾಲವೆಂದು ಅಂಗಡಿಯಲ್ಲಿ ಕೆಂಪಮ್ಮನದು ಏರಿದೆ, ಪಾಲು ಮಾತ್ರ ಅಷ್ಟಕ್ಕೇ ನಿಂತಿದೆ. ದಿನಾ ಎಪ್ಪತ್ತರಷ್ಟು ತಿಂದು ಇನ್ನೂರ ಹತ್ತು ಹತ್ತಿದ್ದಾರೆ ಈ ಹೆಂಗಸು. ಮೆಟ್ಟಿಲು ಇಳಿಯಲಿಲ್ಲ ಎಂದು ನಾನು ಅನ್ನ ಇಳಿಸಿದ್ದೇನೆ. ಅನ್ನ ಇಳಿಸಿದಷ್ಟೂ ಅವರು ತಮ್ಮ ಮೈಯನ್ನೇ ಕರಗಿಸಿ ಹತ್ತಿದ್ದಾರೆ. ಅದರ ಮೇಲೆ ದಿನಾ ಎರಡು ಹೊತ್ತು ಗುಳಿಗೆ!

ಲೆಕ್ಕ ಮುಗಿಯುವಷ್ಟರಲ್ಲಿ ಮೇಲಿನಿಂದ ಸೊಪ್ಪಿನ ಚೀಲ ಉರುಳಿ ಬಂತು. ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಹಣೆಯ ತುಂಬ ಬೆವರು, ಕೈ ನಡುಗುತ್ತಿತ್ತು. “ನಂಜುಂಡನಿಗೆ ಎಣ್ಣೆ ಹಚ್ಬೇಕು, ಮಗು ಅಳ್ತಾ ಅದೆ” ಎಂದು ಏನೇನೋ ತೊದಲುತ್ತಿದ್ದರು. ನಂಜುಂಡ ಎಂದರೆ ನನ್ನ ಗಂಡ, ನಲವತ್ತು ವರ್ಷದವರು. ಕೆಂಪಮ್ಮ, “ಅಯ್ಯೋ, ಸಕ್ಕರೆ ಏರ್ಬಿಡ್ತು ಇವಳಿಗೆ!” ಎಂದು ಬಾಯಿ ಬಡಿದುಕೊಂಡರು.

“ಏರಿಲ್ಲ, ಇಳಿದುಹೋಗಿದೆ” ಎಂದು ನಾನು ಕೈಕಾಲು ಊರಿ ದಡಬಡ ಏರಿ ಬಂದೆ. ಎಲೆ ಬಿಚ್ಚಿ ಜಿಲೇಬಿ ಹಿಂಡಿ ಆ ಪಾಕವನ್ನು ಮೊದಲು ಅವರ ನಾಲಗೆಗೆ ಹಚ್ಚಿದೆ. “ಚಪ್ಪರಿಸಿ ಅತ್ತೆ, ನುಂಗಿ.”

ಕೆಂಪಮ್ಮ ನನ್ನ ರಟ್ಟೆ ಹಿಡಿದರು. “ಏಯ್ ಹುಡುಗಿ, ಸಕ್ಕರೆ ಕಾಯಿಲೆಯೋಳಿಗೆ ಜಿಲೇಬಿ ತಿನ್ನಿಸ್ತಿದ್ದೀಯಲ್ಲೇ, ಸಾಯ್ಸೋಕೆ ಬಂದ್ಯಾ?”

“ಉಳಿಸೋಕೆ ಕಣಮ್ಮಾ, ಕೈ ಬಿಡಿ!” ನನ್ನ ಧ್ವನಿ ನನಗೇ ಹೊಸದಾಗಿತ್ತು. ಮೂರು ತಿಂಗಳಿಂದ ಯಾವುದನ್ನು ಅವರ ಬಾಯಿಂದ ದೂರ ಇಡಲು ಕಾವಲು ಕೂತಿದ್ದೆನೋ ಅದನ್ನೇ ಚೂರು ಚೂರಾಗಿ ಅವರಿಗೆ ತಿನ್ನಿಸಿದೆ. ಒಂದು ಜಿಲೇಬಿ ಮುಗಿಯಿತು. ಎರಡನೆಯದರ ಅರ್ಧಕ್ಕೆ ಬೆವರು ನಿಂತಿತು. ಎಷ್ಟು ಹೊತ್ತಾಯಿತೋ, ಆ ದಿನ ನಾನು ಗಡಿಯಾರ ನೋಡಲಿಲ್ಲ. ಅತ್ತೆಯ ಕಣ್ಣು ನನ್ನ ಮೇಲೆ ನೆಟ್ಟಿತು.

“ವಿಶಾಲು?”

“ಹೂಂ ಅತ್ತೆ.”

“ಬಾಯೆಲ್ಲ ಜಿಲೇಬಿ ಮೆತ್ಕೊಂಡು ಇಲ್ಲೇನ್ ಮಾಡ್ತಿದ್ದೀಯ? ನನ್ನ ಕಾಫಿಗೆ ಒಂದು ಚಮಚ ಹಾಕೋಕೆ ಕೈ ಬರಲ್ಲ, ಇವಳು ಕದ್ದು ತಿಂತಾವ್ಳೆ!”

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅವರನ್ನು ಹಿಂಬಾಲಿಸಲಿಕ್ಕೆ ಜಿಲೇಬಿ ತಿಂದೆ ಎಂದು ಹೇಳಿದರೆ ಕೆಂಪಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ನಕ್ಕಿದ್ದಕ್ಕೆ ಏದುಸಿರು ಬಂದು, ನಾವಿಬ್ಬರೂ ಅವರ ಬೆನ್ನು ನೀವಬೇಕಾಯಿತು. ನಾನು ಅತ್ತೆಯ ಕಾಲು ಮುಟ್ಟಿ, “ತಪ್ಪಾಯ್ತು. ನಾನು ಬರೀ ಮೆಟ್ಟಿಲು ನೋಡಿದೆ, ನಿಮ್ಮನ್ನ ನೋಡಲಿಲ್ಲ” ಎಂದೆ. “ಎದ್ದೇಳು, ಜಿಲೇಬಿ ಕೈಲಿ ಸೀರೆ ಮುಟ್ಟಬೇಡ” ಎಂದರು.

ಉಳಿದ ಮೆಟ್ಟಿಲುಗಳನ್ನು ಮೂವರೂ ಕೈ ಹಿಡಿದೇ ಹತ್ತಿದೆವು, ಅತ್ತೆ ನಡುವೆ. ಮೇಲಿನ ಕೇರಿಯ ಜಗಲಿಗಳ ಮೇಲೆ ಕೂತವರೆಲ್ಲ ನೋಡಿದರು. ಕೆಂಪಮ್ಮ ಕೈ ಎಳೆದುಕೊಳ್ಳಲು ನೋಡಿದರು, ಅತ್ತೆ ಬಿಡಲಿಲ್ಲ. “ಏನವ್ವ ಪುಟ್ಟತಾಯಿ, ಯಾರು ಯಾರನ್ನ ಬೇಡಿದ್ದು?” ಎಂದು ಒಬ್ಬಾಕೆ ಕೊಂಕು ನುಡಿದಳು. “ನಾನು ಇವಳನ್ನ ಬೇಡಿದೆ ಕಣೆ. ನಿಂಗೂ ಬೇಕಾದ್ರೆ ಬಾ, ಇನ್ನೊಂದು ಕೈ ಖಾಲಿ ಅದೆ ನಮ್ಮ ಸೊಸೇದು” ಎಂದರು ಅತ್ತೆ.

ಮರುದಿನ ಡಾಕ್ಟರ್ ರಹಮತುಲ್ಲಾ ರಕ್ತದ ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ಸಕ್ಕರೆ ಇಳಿದಿದೆ. ಇಳೀಬೇಕಾದ್ದಕ್ಕಿಂತ ಕೆಳಗೆ ಹೋಗಿದೆ. ಗುಳಿಗೆ ಕೊಟ್ಟವನು ನಾನು, ಊಟ ಕಿತ್ಕೊಂಡವರು ಯಾರು?” ನಾನು ಕೈ ಎತ್ತಿದೆ, ಶಾಲೆಯ ಮಗುವಿನ ಹಾಗೆ. ಅವರು ಬೈದರು, ಚೆನ್ನಾಗಿಯೇ ಬೈದರು. ಸಕ್ಕರೆ ಕಡಿಮೆ ಮಾಡಿದ್ದು ಸರಿ, ಅವಲಕ್ಕಿ ಬಿಡಿಸಿದ್ದು ಆಗಬಹುದು, ಆದರೆ ಹತ್ತುವ ಕಾಲಿಗೆ ಊಟ ಬೇಡವೇ? ಗುಳಿಗೆ ನುಂಗಿ ಹಸಿದುಕೊಂಡು ಮೆಟ್ಟಿಲು ಹತ್ತಿಸುತ್ತೀರಾ? ಎಂದರು. ಗುಳಿಗೆಯನ್ನು ಅರ್ಧ ಮಾಡಿದರು. ಹೊತ್ತಿಗೆ ಸರಿಯಾಗಿ ಒಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು, ಒಂದೆರಡು ಹಿಡಿ ಅನ್ನ, ಆಮೇಲೆ ನಡಿಗೆ. ಅತ್ತೆ ಮೆಲ್ಲನೆ, “ಸೂಜಿ?” ಎಂದರು. “ಸೂಜಿ ಯಾಕಮ್ಮ? ನಿಮಗೆ ಈಗ ಬೇಕಾಗಿರೋದು ಸೌಟು” ಎಂದರು ಡಾಕ್ಟರು.

ಆಮೇಲೆ ನನ್ನ ಕಾವಲು ಬುದ್ಧಿಗೆ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಒಂದು ಭಾನುವಾರ ಮಿಠಾಯಿ ಅಂಗಡಿಯ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ಕೆಂಪಮ್ಮನನ್ನು ನೋಡಿದೆ. ಅವರು ಪಾಕವನ್ನು ಎರಡು ಬೆರಳ ನಡುವೆ ಹಿಡಿದು ಎಳೆ ನೋಡುತ್ತಾರೆ. ನೋಡಿದ ಮೇಲೆ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಾರೆ. ಒಂದು ಮಧ್ಯಾಹ್ನದಲ್ಲಿ ಅರವತ್ತಮೂರು ಸಲ.

“ರುಚಿ ನೋಡಲೇಬೇಕಾ ಅಮ್ಮ?”

“ರುಚಿ ಯಾಕೆ, ಎಳೆ ಬಂದ್ರೆ ಸಾಕು.”

“ಮತ್ತೆ ಬೆರಳು ಯಾಕೆ ಚೀಪ್ತೀರಿ?”

ಕೆಂಪಮ್ಮ ತಮ್ಮ ಬೆರಳನ್ನೇ ಬೇರೆಯವರದ್ದೇನೋ ಎನ್ನುವಂತೆ ನೋಡಿದರು. “ಅಂಟಾಗಿರ್ತದಲ್ಲವ್ವ. ಒರೆಸ್ಕೊಳ್ಳೋಕೆ ಇಲ್ಲೇನದೆ?” ಮೂವತ್ತು ವರ್ಷದಿಂದ ಆ ಒಲೆಯ ಪಕ್ಕ ಒಂದು ಒದ್ದೆ ಬಟ್ಟೆ ಇರಲಿಲ್ಲ, ಅಷ್ಟೇ. ನಾನು ಅಲ್ಲೇ ಒಂದು ಹಳೆಯ ಟವೆಲ್ ಹರಿದು, ನೆನೆಸಿ ಹಿಂಡಿ ಅವರ ಸೊಂಟಕ್ಕೆ ಸಿಕ್ಕಿಸಿದೆ. ಮೊದಲ ವಾರ ಅವರು ಒರೆಸಿದ ಬೆರಳನ್ನೂ ಮರೆತು ಬಾಯಿಗಿಟ್ಟರು. ಎರಡನೆಯ ವಾರದ ಕೊನೆಗೆ ಅವರ ಮುನ್ನೂರ ಐವತ್ತು ಇನ್ನೂರಕ್ಕೆ ಬಂತು. ತಿಂಗಳು ತುಂಬುವ ಹೊತ್ತಿಗೆ ಮೂವರೂ ಕೈ ಹಿಡಿದರೆ ತಲೆಗೆ ನೂರ ಹತ್ತು. ಮೆಟ್ಟಿಲುಗಳೂ ತಗ್ಗಾದವು, ನಡುವೆ ಕೂರಲು ಒಂದೆರಡು ಜಗಲಿ ಸಿಗತೊಡಗಿದವು.

ಆಗ ನಮಗೊಂದು ಸಂಗತಿ ಗೊತ್ತಾಯಿತು. ಕೆಂಪಮ್ಮ ಮಾತು ಕಡಿಮೆಯವರಲ್ಲ. ಇಷ್ಟು ವರ್ಷ ಅವರಿಗೆ ಉಸಿರೇ ಸಾಲುತ್ತಿರಲಿಲ್ಲ. ಈಗ ಮೊದಲ ಮೆಟ್ಟಿಲಿಗೆ ಶುರುವಾದರೆ ನಿಲ್ಲಿಸುವುದೇ ಇಲ್ಲ. ಮಿಠಾಯಿ ಅಂಗಡಿಗೆ ಬಂದವರು, ಹೋದವರು, ಬೀಗರ ಜಗಳ, ಬೂಂದಿ ಹಸಿಯಾಗಿದ್ದಕ್ಕೆ ನಿಂತುಹೋದ ಮದುವೆ, ಎಲ್ಲ ಮೂವತ್ತು ವರ್ಷದಿಂದ ಕೂಡಿಟ್ಟಿದ್ದಾರೆ. “ಇವಳು ಮಾತೇ ಆಡಲ್ಲ ಅಂತ ಸ್ನೇಹ ಮಾಡಿದ್ದೆ ಕಣೆ ವಿಶಾಲು, ಮೋಸ ಹೋದೆ” ಎನ್ನುತ್ತಾರೆ ಅತ್ತೆ. ಅವರ ಕತ್ತಿನ ಮೂಳೆ ಈಗ ಕಾಣುವುದಿಲ್ಲ. ಸೊರಗಿದಾಗ ರವಿಕೆಗಳಿಗೆ ಹಾಕಿದ್ದ ಒಳಹೊಲಿಗೆಯನ್ನು ನಾನೇ ಬಿಚ್ಚಿಕೊಟ್ಟಿದ್ದೇನೆ.

ನಿನ್ನೆ ಸಂಜೆ ಕೆಂಪಮ್ಮ ಓಡಿಹೋದ ಮದುಮಗನ ಕಥೆ ತೆಗೆದರು. ಅವನು ಜಿಲೇಬಿಯ ಬಾಣಲೆಯ ಹಿಂದೆ ಅವಿತಿದ್ದನಂತೆ, ಹುಡುಗಿಯ ಸೋದರಮಾವ ಕೋಲು ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದನಂತೆ. ಅಷ್ಟರಲ್ಲಿ ಮೆಟ್ಟಿಲು ಮುಗಿದು ನಮ್ಮ ಕೇರಿ ಬಂದುಬಿಟ್ಟಿತು. “ಮಿಕ್ಕಿದ್ದು ನಾಳೆಗೆ” ಎಂದು ಕೆಂಪಮ್ಮ ಕೈ ಬಿಡಿಸಿಕೊಳ್ಳಲು ಹೋದರು. “ನಾಳೆಯಂತೆ ನಾಳೆ! ಕೋಲು ಎತ್ತಿಸಿಟ್ಟು ಎಲ್ಲಿಗೆ ಹೋಗ್ತೀಯ? ನಡಿ ಒಳಕ್ಕೆ” ಎಂದು ಅತ್ತೆ ಅವರನ್ನು ಎಳೆದುಕೊಂಡೇ ಅಡುಗೆಮನೆಗೆ ಬಂದರು. ನಾನು ಮೂರು ತಟ್ಟೆ ಹಾಕಿದೆ. ಅತ್ತೆಯ ತಟ್ಟೆಗೆ ಬಿಸಿ ಮುದ್ದೆ ಇಟ್ಟು, ಮೇಲೆ ಸೊಪ್ಪಿನ ಸಾರು ಬಿಟ್ಟು, ಸೌಟು ಹಿಡಿದುಕೊಂಡೇ ನಿಂತೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ತುಂಬಿದ ಬಾಯಲ್ಲೇ, “ಹೂಂ, ಆಮೇಲೆ?” ಎಂದರು.